ನಮ್ಮ ಮನೆಯ ಬಂಗಾರದ ಕರುಗಳು

ನಮ್ಮ ಶಾಲೆಯ ಪ್ರಯೋಗಶಾಲೆಯ ಬೀರುವಿನಲ್ಲಿ ಹಳೆಯದೊಂದು ವರ್ನಿಯರ್ ಕ್ಯಾಲಿಪರ್ಸ್ ಇದೆ. ಪಠ್ಯದಲ್ಲಿ ಇರಲಿ ಬಿಡಲಿ, ಪ್ರತಿವರ್ಷ ಹತ್ತನೆಯ ತರಗತಿಯ ಮಕ್ಕಳ ಕೈಗೆ ಅದನ್ನೊಮ್ಮೆ ಕೊಡದಿದ್ದರೆ ನನಗೆ ಸಮಾಧಾನವಿಲ್ಲ. ಒಂದು ಗೋಲಿ ಕೊಟ್ಟು ಅದರ ವ್ಯಾಸ ಅಳೆಯಿರಿ ಎನ್ನುತ್ತೇನೆ. ಮಕ್ಕಳು ಉತ್ಸಾಹದಿಂದ ಐದೈದು ಸಲ ಅಳೆದು, ಸರಾಸರಿ ತೆಗೆದು, ದಶಾಂಶ ಬಿಂದುವಿನ ಮುಂದೆ ಎರಡು ಅಂಕಿಗಳನ್ನು ಚೆಂದಾಗಿ ಬರೆದು ತಂದು ತೋರಿಸುತ್ತಾರೆ. ಎಲ್ಲರ ಉತ್ತರವೂ ಹೆಚ್ಚುಕಡಿಮೆ ಒಂದೇ. ಎಲ್ಲರ ಉತ್ತರವೂ ತಪ್ಪು!

ಕಾರಣ ಸರಳ. ಆ ಉಪಕರಣಕ್ಕೆ ಶೂನ್ಯ ದೋಷವಿದೆ. ಎರಡು ದವಡೆಗಳ ನಡುವೆ ಏನೂ ಇಲ್ಲದಿದ್ದಾಗ ಅದು ಸೊನ್ನೆ ತೋರಿಸಬೇಕು, ಬದಲಿಗೆ 0.03 ಸೆಂಟಿಮೀಟರ್ ತೋರಿಸುತ್ತದೆ. ಹೀಗಾಗಿ ಅದರಲ್ಲಿ ಅಳೆದದ್ದೆಲ್ಲ ಅಷ್ಟರಮಟ್ಟಿಗೆ ಹೆಚ್ಚೇ ಬರುತ್ತದೆ. ಐದು ಸಲವಲ್ಲ, ಐನೂರು ಸಲ ಅಳೆದರೂ ತಪ್ಪು ಕಣ್ಣಿಗೆ ಬೀಳದು. ಅದನ್ನು ಹಿಡಿಯುವ ದಾರಿ ಒಂದೇ. ಗೋಲಿಯನ್ನು ಪಕ್ಕಕ್ಕಿಟ್ಟು, ದವಡೆಗಳನ್ನು ಖಾಲಿಯಾಗಿ ಮುಚ್ಚಿ, ಸೊನ್ನೆ ಎಲ್ಲಿ ನಿಂತಿದೆ ಎಂದು ನೋಡಬೇಕು.

ಇಪ್ಪತ್ತೆಂಟು ವರ್ಷಗಳಿಂದ ಈ ಪಾಠ ಮಾಡುತ್ತ ಬಂದವನು ನಾನು. ಆದರೆ ನನ್ನ ಎದೆಯೊಳಗಿನ ಅಳತೆಗೋಲಿಗೂ ಇಂಥದೇ ದೋಷವಿದೆ ಎಂಬುದು ನನಗೆ ತಿಳಿದದ್ದು 2018ರ ಜೂನ್ ತಿಂಗಳಲ್ಲಿ. ಆ ಸಂಗತಿಯನ್ನು ಮುಂದೆ ಹೇಳುತ್ತೇನೆ. ಕ್ರೈಸ್ತ ಧರ್ಮಗ್ರಂಥ ಆ ದೋಷವನ್ನು ‘ವಿಗ್ರಹಾರಾಧನೆ’ ಎಂದು ಕರೆಯುತ್ತದೆ.

ವಿಗ್ರಹ ಎಂದರೆ ಯಾವುದು?

ಈ ಮಾತು ಕಿವಿಗೆ ಬಿದ್ದೊಡನೆ ನಮ್ಮಲ್ಲಿ ಹಲವರ ಕಣ್ಣು ಪಕ್ಕದ ಮನೆಯತ್ತ ಹೊರಳುತ್ತದೆ. ಹಾಗೆ ಹೊರಳಬಾರದು. ನೆರೆಯವರು ದೇವರಿಗೆ ಹೇಗೆ ನಡೆದುಕೊಳ್ಳುತ್ತಾರೆ ಎಂದು ತೀರ್ಪು ಕೊಡಲು ನಾನು ಇದನ್ನು ಬರೆಯುತ್ತಿಲ್ಲ. ಬೈಬಲಿನ ಪ್ರವಾದಿಗಳು ಈ ವಿಷಯದಲ್ಲಿ ಗದರಿದ್ದು ಹೆಚ್ಚಾಗಿ ತಮ್ಮ ಸ್ವಂತ ಜನರನ್ನೇ. ಯೆಹೆಜ್ಕೇಲನ ಗ್ರಂಥದ 14ನೆಯ ಅಧ್ಯಾಯದಲ್ಲಿ ಪ್ರವಾದಿಯ ಮುಂದೆ ಬಂದು ಕುಳಿತವರು ಇಸ್ರಾಯೇಲಿನ ಹಿರಿಯರು. ದೇವರ ಮಾತು ಕೇಳಲೆಂದೇ ಬಂದವರು. ಅವರ ಮೇಲಿನ ದೂರು ಏನೆಂದರೆ, ಅವರು ವಿಗ್ರಹಗಳನ್ನು ಹೃದಯದೊಳಗೆ ಇಟ್ಟುಕೊಂಡಿದ್ದರು. ಕೊಲೊಸ್ಸೆಯ ಸಭೆಗೆ ಪತ್ರ ಬರೆದ ಪೌಲನಂತೂ ದುರಾಶೆಯನ್ನೇ ನೇರವಾಗಿ ವಿಗ್ರಹಾರಾಧನೆಯೆಂದು ಕರೆದ. ದುರಾಶೆಗೆ ಕೈಕಾಲಿಲ್ಲ, ಮುಖವಿಲ್ಲ. ಆದರೂ ಅದು ವಿಗ್ರಹ!

ಮಾರ್ಟಿನ್ ಲೂಥರ್ 1529ರಲ್ಲಿ ಬರೆದ ದೊಡ್ಡ ಕ್ಯಾಟೆಕಿಸಮ್‌ನಲ್ಲಿ ಹತ್ತು ಆಜ್ಞೆಗಳಲ್ಲಿ ಮೊದಲನೆಯದನ್ನು ವಿವರಿಸುತ್ತ ಇದನ್ನು ಇನ್ನಷ್ಟು ಸ್ಪಷ್ಟಪಡಿಸಿದ. ಅವನ ವಿವರಣೆಯ ಸಾರ ಇಷ್ಟು: ಮನುಷ್ಯನ ಹೃದಯ ಯಾವುದನ್ನು ನಂಬಿ ಒರಗಿಕೊಂಡಿದೆಯೋ ಅದೇ ಅವನ ದೇವರು. ಹಣವಿದ್ದಾಗ ನಿಶ್ಚಿಂತೆಯಿಂದಿದ್ದು, ಇಲ್ಲದಾಗ ನೆಲ ಕುಸಿದಂತಾಗುವವನಿಗೆ ಹಣವೇ ದೇವರು. ವಿದ್ಯೆ, ಜಾಣತನ, ಸ್ಥಾನಮಾನಗಳನ್ನೂ ಲೂಥರ್ ಇದೇ ಸಾಲಿಗೆ ಸೇರಿಸಿದ್ದಾನೆ. ಅಧ್ಯಾಪಕನಾದ ನನಗೆ ಆ ಭಾಗ ಓದುವಾಗ ಸ್ವಲ್ಪ ಚುಚ್ಚಿತು ಎಂದು ಒಪ್ಪಿಕೊಳ್ಳುತ್ತೇನೆ.

ವಿಜ್ಞಾನದ ವಿದ್ಯಾರ್ಥಿಗಳಿಗೆ ಇನ್ನೊಂದು ಮಾತು. ಆಧುನಿಕ ವಿಜ್ಞಾನದ ವಿಧಾನಕ್ಕೆ ಅಡಿಪಾಯ ಹಾಕಿದವರಲ್ಲಿ ಒಬ್ಬನಾದ ಫ್ರಾನ್ಸಿಸ್ ಬೇಕನ್ 1620ರಲ್ಲಿ ಪ್ರಕಟಿಸಿದ ‘ನೋವಮ್ ಆರ್ಗನಮ್’ ಗ್ರಂಥದಲ್ಲಿ ಮನುಷ್ಯನ ಬುದ್ಧಿಯನ್ನು ದಾರಿ ತಪ್ಪಿಸುವ ನಾಲ್ಕು ಬಗೆಯ ಭ್ರಮೆಗಳನ್ನು ಪಟ್ಟಿ ಮಾಡಿದ. ಅವುಗಳಿಗೆ ಅವನು ಆರಿಸಿಕೊಂಡ ಹೆಸರೂ ‘ವಿಗ್ರಹಗಳು’ ಎಂದೇ. ನೇರವಾಗಿ ನೋಡಬೇಕಾದರೆ ಮೊದಲು ಒಳಗಿನ ವಿಗ್ರಹಗಳನ್ನು ಗುರುತಿಸಬೇಕು ಎಂಬ ತಿಳಿವಳಿಕೆ ಪ್ರಯೋಗಶಾಲೆಗೂ ಪ್ರಾರ್ಥನಾಲಯಕ್ಕೂ ಸಮಾನವಾದದ್ದು.

ಮದ್ದೇ ವಿಗ್ರಹವಾದಾಗ

ವಿಗ್ರಹವೆಂದರೆ ಕೆಟ್ಟ ವಸ್ತುವೇ ಆಗಿರಬೇಕೆಂದಿಲ್ಲ. ಇದನ್ನು ಅರಿಯಲು ಬೈಬಲಿನ ಒಂದು ತಾಮ್ರದ ಸರ್ಪದ ಕಥೆಯನ್ನು ನೋಡಬೇಕು.

ಅರಣ್ಯಕಾಂಡದ 21ನೆಯ ಅಧ್ಯಾಯದಲ್ಲಿ ಆ ಕಥೆ ಶುರುವಾಗುತ್ತದೆ. ಮರುಭೂಮಿಯಲ್ಲಿ ಗೊಣಗಿದ ಜನರನ್ನು ವಿಷಸರ್ಪಗಳು ಕಚ್ಚಿದವು. ಜನರು ಪಶ್ಚಾತ್ತಾಪಪಟ್ಟಾಗ ದೇವರ ಅಪ್ಪಣೆಯಂತೆ ಮೋಶೆ ತಾಮ್ರದ ಸರ್ಪವೊಂದನ್ನು ಮಾಡಿಸಿ ಕಂಬದ ಮೇಲೆ ಎತ್ತಿ ನಿಲ್ಲಿಸಿದ. ಅದನ್ನು ನೋಡಿದವರು ಬದುಕಿದರು. ಅಂದರೆ ಆ ವಸ್ತುವನ್ನು ಕೊಟ್ಟವನೇ ದೇವರು.

ನೂರಾರು ವರ್ಷಗಳ ಮೇಲೆ, ಕ್ರಿಸ್ತಪೂರ್ವ ಎಂಟನೆಯ ಶತಮಾನದ ಕೊನೆಯ ಭಾಗದಲ್ಲಿ ಹಿಜ್ಕೀಯನೆಂಬ ಅರಸ ಯೆಹೂದ ರಾಜ್ಯವನ್ನು ಆಳಿದ. ಅವನು ಆ ಸರ್ಪವನ್ನು ಒಡೆದು ಚೂರುಚೂರು ಮಾಡಿದನೆಂದು ಅರಸುಗಳು ಎರಡನೆಯ ಗ್ರಂಥದ 18ನೆಯ ಅಧ್ಯಾಯ ಹೇಳುತ್ತದೆ. ಏಕೆಂದರೆ ಜನ ಅದಕ್ಕೆ ಧೂಪ ಹಾಕತೊಡಗಿದ್ದರು. ಅದಕ್ಕೆ ‘ನೆಹುಷ್ಟಾನ್’ ಎಂಬ ಹೆಸರೂ ಇತ್ತು. ಹೀಬ್ರೂ ಭಾಷೆಯಲ್ಲಿ ತಾಮ್ರ, ಸರ್ಪ ಎಂಬೆರಡು ಪದಗಳ ಧ್ವನಿಯೂ ಆ ಹೆಸರಿನಲ್ಲಿ ಕೇಳಿಸುತ್ತದೆ. ಒಂದು ಕಾಲಕ್ಕೆ ಜೀವ ಉಳಿಸಿದ ವಸ್ತುವೇ ಇನ್ನೊಂದು ಕಾಲಕ್ಕೆ ಜೀವ ಕೊಟ್ಟವನನ್ನು ಮರೆಮಾಡಿತ್ತು.

ಅತಿಯಾದರೆ ಅಮೃತವೂ ವಿಷ ಎಂಬ ಗಾದೆ ನಮ್ಮಲ್ಲಿದೆ. ವಿದ್ಯೆ ಅಮೃತವೇ. ದುಡಿಮೆ, ಮಕ್ಕಳ ಮೇಲಿನ ಮಮತೆ, ಸಮಾಜದಲ್ಲಿ ಒಳ್ಳೆಯ ಹೆಸರು, ದೂರದಲ್ಲಿರುವ ಅಣ್ಣನ ಮುಖ ತೋರಿಸುವ ಮೊಬೈಲು, ಇವೆಲ್ಲವೂ ಒಳ್ಳೆಯವೇ. ಇವು ದೇವರ ವರಗಳೆಂದು ಕೃತಜ್ಞತೆಯಿಂದ ಬಳಸುವವರೆಗೆ ತೊಂದರೆಯಿಲ್ಲ. ಇವೇ ನಮಗೆ ಬೆಲೆ ಕೊಡುತ್ತವೆ, ಇವೇ ನಮ್ಮನ್ನು ಕಾಯುತ್ತವೆ ಎಂದು ನಂಬಿದ ದಿನ ಅವು ನೆಹುಷ್ಟಾನ್ ಆಗುತ್ತವೆ.

ಅಂಕಪಟ್ಟಿಯ ಮುಂದೆ

ಇಂದು ನಮ್ಮ ಮನೆಗಳಲ್ಲಿ ಅತಿ ಹೆಚ್ಚು ಬಲಿ ಬೇಡುವ ವಿಗ್ರಹ ಯಾವುದೆಂದು ಕೇಳಿದರೆ ನಾನು ಹಿಂದೆಮುಂದೆ ನೋಡದೆ ‘ಅಂಕ’ ಎನ್ನುತ್ತೇನೆ. 2024ರಲ್ಲಿ ವೈದ್ಯಕೀಯ ಪ್ರವೇಶದ ನೀಟ್ ಪರೀಕ್ಷೆಗೆ ಹೆಸರು ನೋಂದಾಯಿಸಿದವರು ಸುಮಾರು 24 ಲಕ್ಷ. ಇಡೀ ದೇಶದಲ್ಲಿ ಎಂಬಿಬಿಎಸ್ ಸೀಟುಗಳು ಇದ್ದದ್ದು ಒಂದು ಲಕ್ಷದ ಆಸುಪಾಸಿನಲ್ಲಿ. ಲೆಕ್ಕ ಹಾಕಿ ನೋಡಿ. ಇಪ್ಪತ್ತನಾಲ್ಕು ಮಂದಿ ತಮ್ಮ ನಿದ್ದೆ, ಆಟ, ಹಾಡು, ಭಾನುವಾರಗಳನ್ನೆಲ್ಲ ಒಪ್ಪಿಸಿದರೆ ಈ ವಿಗ್ರಹ ಒಲಿಯುವುದು ಒಬ್ಬನಿಗೆ. ಉಳಿದ ಇಪ್ಪತ್ತಮೂರು ಮಂದಿಗೆ ಅದು ಹೇಳುವುದು, ನೀನು ನಿಷ್ಪ್ರಯೋಜಕ ಎಂದು. ದೇವರಾದರೋ ಹಾಗೆ ಹೇಳುವವನಲ್ಲ.

ಇದು ಬರಿಯ ಮಾತಿನ ಚಮತ್ಕಾರವಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ವರದಿಯ ಪ್ರಕಾರ 2022ರಲ್ಲಿ ನಮ್ಮ ದೇಶದಲ್ಲಿ ಆತ್ಮಹತ್ಯೆಯಿಂದ ತೀರಿಕೊಂಡ ವಿದ್ಯಾರ್ಥಿಗಳ ಸಂಖ್ಯೆ 13,044. ಎಲ್ಲಕ್ಕೂ ಪರೀಕ್ಷೆಯೇ ಕಾರಣವಲ್ಲ. ಒಂದು ಸಾವಿನ ಹಿಂದೆ ಹಲವು ಕಾರಣಗಳಿರುತ್ತವೆ. ಆದರೂ ಫಲಿತಾಂಶದ ಸಂಜೆ ಮಗುವಿನ ಕೋಣೆಯ ಬಾಗಿಲು ಮುಚ್ಚಿದ್ದರೆ ಯಾವ ತಂದೆತಾಯಿಯ ಎದೆ ಧಸಕ್ಕೆನ್ನುವುದಿಲ್ಲ?

ಈ ವಿಗ್ರಹಕ್ಕೆ ತನ್ನದೇ ಆದ ವ್ಯಾಪಾರವೂ ಇದೆ. ಅಪೊಸ್ತಲರ ಕೃತ್ಯಗಳ 19ನೆಯ ಅಧ್ಯಾಯದಲ್ಲಿ ಎಫೆಸ ಪಟ್ಟಣದ ದೇಮೇತ್ರಿಯನೆಂಬ ಅಕ್ಕಸಾಲಿ ಬರುತ್ತಾನೆ. ಅರ್ತೆಮಿ ದೇವಿಯ ಬೆಳ್ಳಿಯ ಗುಡಿಗಳನ್ನು ಮಾಡಿ ಮಾರುವುದು ಅವನ ಕಸುಬು. ಪೌಲನ ಬೋಧನೆಯಿಂದ ವ್ಯಾಪಾರ ಬಿದ್ದುಹೋಗುತ್ತದೆಂದು ಹೆದರಿ ಅವನು ಊರನ್ನೇ ಎಬ್ಬಿಸಿದ. ನಮ್ಮ ಪೇಟೆಯ ವೃತ್ತದಲ್ಲಿ ನಿಂತು ಸುತ್ತ ನೋಡಿದರೆ, ಒಂದೊಂದು ಫ್ಲೆಕ್ಸ್‌ನಲ್ಲೂ ನಗುವ ಮಕ್ಕಳ ಮುಖ, ಪಕ್ಕದಲ್ಲಿ ಅಂಕಿ. ಆ ಮಕ್ಕಳ ಶ್ರಮಕ್ಕೆ ನನ್ನ ಗೌರವವಿದೆ. ಆದರೆ ಫ್ಲೆಕ್ಸ್ ಕಟ್ಟಿಸಿದವರು ಮಾರುತ್ತಿರುವುದು ಏನೆಂಬುದನ್ನು ತಂದೆತಾಯಿಯರು ಗಮನಿಸಬೇಕು.

ಅಧ್ಯಾಪಕರಾದ ನಾವೂ ಇದರಿಂದ ಹೊರಗಿಲ್ಲ. ನಮ್ಮ ವಿಗ್ರಹದ ಹೆಸರು ‘ಶೇಕಡಾ ನೂರು ಫಲಿತಾಂಶ’. ಕಲಿಕೆಯಲ್ಲಿ ಹಿಂದಿದ್ದ ಹುಡುಗನೊಬ್ಬ ಒಂದು ವಾರ ಶಾಲೆಗೆ ಬರಲಿಲ್ಲ. ಅವನು ಶಾಲೆ ಬಿಟ್ಟನಂತೆ ಎಂದು ಯಾರೋ ಹೇಳಿದಾಗ, ನನ್ನ ಮನಸ್ಸಿನ ಮೂಲೆಯಲ್ಲಿ ಕ್ಷಣಮಾತ್ರ ನಿರಾಳವಾಗಿತ್ತು. ಸದ್ಯ, ಶೇಕಡಾವಾರು ಉಳಿಯಿತು! ಮರುಕ್ಷಣವೇ ನನ್ನ ಬಗ್ಗೆ ನನಗೆ ಹೇಸಿಗೆಯಾಯಿತು. ಅಂದು ಸಂಜೆ ಅವನ ಮನೆಗೆ ಹೋದೆ. ಅವನಿಗೆ ಕಾಮಾಲೆಯಾಗಿತ್ತು, ಅಷ್ಟೆ.

ಅಂಗೈಯಲ್ಲಿನ ವಿಗ್ರಹ

ಎರಡನೆಯದು ಅಂಗೈಯಲ್ಲೇ ಇದೆ. ಮೊಬೈಲ್ ಫೋನನ್ನು ಬೈಯುವುದು ಈಗ ಹಿರಿಯರ ಹವ್ಯಾಸವಾಗಿಬಿಟ್ಟಿದೆ. ಆದ್ದರಿಂದ ಬೈಯುವುದಿಲ್ಲ, ಅದರ ಹಿಂದಿನ ವಿಜ್ಞಾನವನ್ನು ಮಾತ್ರ ಹೇಳುತ್ತೇನೆ.

1948ರಲ್ಲಿ ಅಮೆರಿಕದ ಮನೋವಿಜ್ಞಾನಿ ಬಿ. ಎಫ್. ಸ್ಕಿನ್ನರ್ ಒಂದು ಪ್ರಯೋಗವನ್ನು ಪ್ರಕಟಿಸಿದರು. ಹಸಿದ ಪಾರಿವಾಳವನ್ನು ಪೆಟ್ಟಿಗೆಯಲ್ಲಿಟ್ಟು, ಅದು ಏನು ಮಾಡಿದರೂ ಮಾಡದಿದ್ದರೂ, ಗೊತ್ತಾದ ಅವಧಿಗೊಮ್ಮೆ ಆಹಾರ ದೊರೆಯುವಂತೆ ಮಾಡಿದ್ದರು. ಸ್ವಲ್ಪ ಹೊತ್ತಿನಲ್ಲಿ ಒಂದು ಹಕ್ಕಿ ಗಿರಕಿ ಹೊಡೆಯತೊಡಗಿತು. ಇನ್ನೊಂದು ಪೆಟ್ಟಿಗೆಯ ಮೂಲೆಗೆ ತಲೆ ಚಾಚತೊಡಗಿತು. ಆಹಾರ ಬಂದಾಗ ತಾನು ಏನು ಮಾಡುತ್ತಿತ್ತೋ ಅದರಿಂದಲೇ ಆಹಾರ ಬಂತೆಂಬಂತೆ ಪ್ರತಿಯೊಂದೂ ತನ್ನದೇ ಒಂದು ಆಚರಣೆಯನ್ನು ಕಟ್ಟಿಕೊಂಡಿತು. ಮುಂದೆ 1957ರಲ್ಲಿ ಫರ್ಸ್ಟರ್ ಜೊತೆ ಸೇರಿ ಅವರು ಪ್ರಕಟಿಸಿದ ಗ್ರಂಥದಲ್ಲಿ ಇನ್ನೊಂದು ಅಂಶವಿದೆ. ಎಷ್ಟು ಸಲ ಕುಕ್ಕಿದರೆ ಕಾಳು ಬೀಳುತ್ತದೆ ಎಂಬುದು ಗೊತ್ತಿಲ್ಲದಿದ್ದಾಗಲೇ ಹಕ್ಕಿ ಬಿಡದೆ ಕುಕ್ಕುತ್ತದೆ.

ಮೊಬೈಲಿನಲ್ಲಿ ಬೆರಳಿನಿಂದ ಮೇಲಕ್ಕೆ ತಳ್ಳುತ್ತ ಹೋಗುವಾಗ ನಡೆಯುವುದು ಇದೇ. ಮುಂದಿನದು ಚೆನ್ನಾಗಿರಬಹುದು, ಇಲ್ಲದಿರಬಹುದು. ಯಾರಾದರೂ ಮೆಚ್ಚಿರಬಹುದು, ಇಲ್ಲದಿರಬಹುದು. ಈ ‘ಇರಬಹುದು’ ನಮ್ಮನ್ನು ಕುಕ್ಕಿಸುತ್ತದೆ. ಬೆಳಿಗ್ಗೆ ಕಣ್ಣು ಬಿಟ್ಟ ಕೂಡಲೇ ಕೈ ಹೋಗುವುದು ಎಲ್ಲಿಗೆ? ರಾತ್ರಿ ಕೊನೆಯದಾಗಿ ನೋಡುವ ಬೆಳಕು ಯಾವುದು? ಹಿಂದೆ ನಮ್ಮ ಅಜ್ಜಿಯರು ಆ ಎರಡು ಹೊತ್ತುಗಳನ್ನು ಪ್ರಾರ್ಥನೆಗೆಂದು ಎತ್ತಿಡುತ್ತಿದ್ದರು. ವಿದ್ಯಾರ್ಥಿಗಳೇ, ನಿಮ್ಮ ತಪ್ಪನ್ನಷ್ಟೇ ಹೇಳುತ್ತಿಲ್ಲ. ಮಕ್ಕಳ ಫೋನ್ ಕಸಿದುಕೊಂಡು, ಆಮೇಲೆ ತಮ್ಮ ಫೋನ್ ಹಿಡಿದು ಕೂರುವ ತಂದೆಯರನ್ನು ನಾನು ಬಲ್ಲೆ.

ಮಂದಿ ಎಂಬ ವಿಗ್ರಹ

ಮೂರನೆಯದು ಎಲ್ಲಕ್ಕಿಂತ ಹಳೆಯದು: ‘ಮಂದಿ ಏನೆಂದುಕೊಳ್ಳುತ್ತಾರೆ?’ ಮದುವೆಗೆ ಸಾಲ ಮಾಡಿಸುವುದು, ಮಗನನ್ನು ಇಷ್ಟವಿಲ್ಲದ ಕೋರ್ಸಿಗೆ ಸೇರಿಸುವುದು, ಮನೆಯ ಕಷ್ಟವನ್ನು ಸಭೆಯವರಿಂದಲೂ ಮುಚ್ಚಿಡಿಸುವುದು ಈ ವಿಗ್ರಹವೇ.

ಇದನ್ನು ಗೆದ್ದ ಒಬ್ಬ ವಿಜ್ಞಾನಿಯನ್ನು ಮಕ್ಕಳಿಗೆ ನಾನು ತಪ್ಪದೆ ಪರಿಚಯಿಸುತ್ತೇನೆ. ಮೈಕೆಲ್ ಫ್ಯಾರಡೆ (1791–1867) ಲಂಡನ್ನಿನಲ್ಲಿ ಪುಸ್ತಕಕ್ಕೆ ರಟ್ಟು ಕಟ್ಟುವ ಅಂಗಡಿಯಲ್ಲಿ ಕೆಲಸ ಕಲಿಯುತ್ತ ಬೆಳೆದ ಬಡ ಕಮ್ಮಾರನ ಮಗ. 1831ರಲ್ಲಿ ಆತ ಕಂಡುಹಿಡಿದ ವಿದ್ಯುತ್ಕಾಂತ ಪ್ರೇರಣೆಯ ತತ್ವದ ಮೇಲೆಯೇ ಇಂದಿಗೂ ನಮ್ಮ ಜಲವಿದ್ಯುತ್ ಕೇಂದ್ರಗಳ ಜನರೇಟರುಗಳು ತಿರುಗುತ್ತವೆ. ಸ್ಯಾಂಡೆಮನಿಯನ್ ಎಂಬ ಪುಟ್ಟ ಕ್ರೈಸ್ತ ಪಂಗಡದ ಸದಸ್ಯನಾಗಿದ್ದ ಆತ, ಆ ಸಭೆಯಲ್ಲಿ ಹಿರಿಯನಾಗಿಯೂ ಸೇವೆ ಮಾಡಿದ. ಸರ್ಕಾರ ಕೊಡಬಯಸಿದ ‘ಸರ್’ ಪದವಿಯನ್ನು ಬೇಡವೆಂದ. ರಾಯಲ್ ಸೊಸೈಟಿಯ ಅಧ್ಯಕ್ಷ ಪದವಿಯನ್ನು ಎರಡು ಸಲ ನಿರಾಕರಿಸಿದ. ತೀರಿಕೊಂಡಾಗ ಮಣ್ಣಾದದ್ದು ಗಣ್ಯರ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಅಲ್ಲ, ಹೈಗೇಟ್ ಸ್ಮಶಾನದಲ್ಲಿ. ಗೌರವ ಕೆಟ್ಟದ್ದೆಂದು ಆತ ಭಾವಿಸಿದ್ದನೆಂದಲ್ಲ. ಅದಿಲ್ಲದೆಯೂ ತಾನು ಯಾರೆಂಬುದು ಆತನಿಗೆ ಗೊತ್ತಿತ್ತು.

ನಮ್ಮ ಮನೆಯಲ್ಲಿ ನಡೆದದ್ದು

ಇಷ್ಟೆಲ್ಲ ಬಲ್ಲ ನಾನು ಏನು ಮಾಡಿದೆ?

ನನ್ನ ಮಗ ದ್ವಿತೀಯ ಪಿಯುಸಿಗೆ ಬಂದಾಗ ಅವನನ್ನು ಡಾಕ್ಟರ್ ಮಾಡಬೇಕೆಂದು ನಿರ್ಧರಿಸಿದವನು ನಾನು. ಕೋಚಿಂಗ್ ಶುಲ್ಕಕ್ಕೆ ಕೈಯಲ್ಲಿ ಹಣವಿರಲಿಲ್ಲ. ಹೆಂಡತಿ ಮಾತಾಡದೆ ಎರಡು ಬಳೆಗಳನ್ನು ಬಿಚ್ಚಿ ಕೊಟ್ಟಳು, ಸೊಸೈಟಿಯಲ್ಲಿ ಅಡವಿಟ್ಟೆ. ಭಾನುವಾರ ಬೆಳಿಗ್ಗೆ ಎಂಟರಿಂದ ಹನ್ನೆರಡರವರೆಗೆ ಅಲ್ಲಿ ಪರೀಕ್ಷೆ. ಹೀಗಾಗಿ ಚರ್ಚ್ ಆರಾಧನೆ ತಪ್ಪಿತು, ಅವನು ಚಿಕ್ಕಂದಿನಿಂದ ಹಾಡುತ್ತಿದ್ದ ಗಾಯಕವೃಂದವೂ ತಪ್ಪಿತು. ‘ಒಂದು ವರ್ಷ ತಾನೇ? ದೇವರಿಗೆ ಅರ್ಥವಾಗುತ್ತದೆ’ ಎಂದೆ. ಬಳಿಕ ಮನೆಯ ಸಂಜೆಯ ಪ್ರಾರ್ಥನೆಗೆ ಅವನಿಗೆ ರಜೆ ಕೊಟ್ಟೆವು. ಆಮೇಲೆ ಅವನಿಗೆ ತೊಂದರೆಯಾಗಬಾರದೆಂದು ನಾವೂ ನಿಲ್ಲಿಸಿದೆವು. ಒಂದು ಸಂಜೆ ನನ್ನ ಅಮ್ಮ ಸಂಗೀತ ಪುಸ್ತಕವನ್ನು ಮಡಿಲಲ್ಲಿಟ್ಟುಕೊಂಡು ಚಾವಡಿಯಲ್ಲಿ ಒಬ್ಬರೇ ಕುಳಿತಿದ್ದರು. “ಮಗಾ, ಪ್ರಾರ್ಥನೆಗೆ ಈ ಮನೆಯಲ್ಲಿ ಜನ ಇಲ್ಲವಾ?” ಎಂದು ಕೇಳಿದರು. ನಾನು, “ಮೆಲ್ಲಗೆ ಮಾತಾಡಮ್ಮ, ಅವನು ಓದುತ್ತಿದ್ದಾನೆ” ಎಂದೆ.

2018ರ ಜೂನ್ ಮೊದಲ ವಾರ ಫಲಿತಾಂಶ ಬಂತು. 720ಕ್ಕೆ 311. ನಮ್ಮ ಕೈಗೆಟಕುವ ಸೀಟು ಸಿಗುವ ಅಂಕ ಅದಲ್ಲ. ನಾನು ಅವನನ್ನು ಬೈಯಲಿಲ್ಲ. ಬೈದಿದ್ದರೇ ಒಳ್ಳೆಯದಿತ್ತೇನೋ. ದಿನಗಟ್ಟಲೆ ಮಾತೇ ಆಡಲಿಲ್ಲ. ಆ ಭಾನುವಾರ ಚರ್ಚಿಗೂ ಹೋಗಲಿಲ್ಲ. ಅಂಗಳದಲ್ಲಿ ನಾಲ್ಕು ಜನ ಕೇಳಿದರೆ ಏನು ಹೇಳುವುದು? ಸುರಿಯುವ ಮಳೆಯಲ್ಲಿ ಅಮ್ಮ ಕೊಡೆ ಹಿಡಿದುಕೊಂಡು ಒಬ್ಬರೇ ಹೋಗಿ ಬಂದರು. ಬಂದವರೇ ಕೊಡೆ ಮಡಚುತ್ತ ಹೇಳಿದರು: “ಸಭಾಪಾಲಕರು ಕೇಳಿದರು, ಮಗನಿಗೆ ಹುಷಾರಿಲ್ಲವಾ ಅಂತ. ಹೌದು, ಹುಷಾರಿಲ್ಲ ಅಂದೆ.”

ಅಂದು ರಾತ್ರಿ ಮಗ ನನ್ನ ಎದುರು ಬಂದು ನಿಂತ. “ಅಪ್ಪಾ, ನೀವು ಸಾವಿನ ಮನೆಯಲ್ಲಿ ಕೂತ ಹಾಗೆ ಕೂತಿದ್ದೀರಿ. ನಾನು ಬದುಕಿಯೇ ಇದ್ದೇನಲ್ಲ?” ಎಂದ.

ಆ ಮಾತಿನ ಮುಂದೆ ನನ್ನ ಬಿಎಸ್ಸಿ, ಬಿಎಡ್ ಎರಡೂ ಉಪಯೋಗಕ್ಕೆ ಬರಲಿಲ್ಲ. ಗೋಲಿಯನ್ನು ತೆಗೆದಿಟ್ಟಾಗ ಸೊನ್ನೆ ಎಲ್ಲಿ ನಿಂತಿದೆ ಎಂಬುದು ಅಂದು ಕಂಡಿತು. ಮಗನಿಂದ ಅಂಕವನ್ನು ಕಳೆದರೆ ಉಳಿಯಬೇಕಾದದ್ದು ಮಗ. ನನ್ನ ಅಳತೆಗೋಲು ಮಾತ್ರ ಏನೂ ಉಳಿಯಲಿಲ್ಲ ಎಂದು ತೋರಿಸುತ್ತಿತ್ತು.

ವಿಮೋಚನಕಾಂಡದ 32ನೆಯ ಅಧ್ಯಾಯವನ್ನು ಎಷ್ಟೋ ಸಲ ಸಂಡೇ ಸ್ಕೂಲಿನಲ್ಲಿ ಕಲಿಸಿದ್ದೆ. ಆ ರಾತ್ರಿ ಅದನ್ನು ಮತ್ತೆ ಓದಿದೆ. ಮೋಶೆ ಬೆಟ್ಟದಿಂದ ಇಳಿದು ಬರುವುದು ತಡವಾದಾಗ ಕಾಯಲಾರದ ಜನ ಕಣ್ಣಿಗೆ ಕಾಣುವ ದೇವರನ್ನು ಬೇಡುತ್ತಾರೆ. ಆರೋನ ಹೆಂಡತಿ ಮಕ್ಕಳ ಕಿವಿಯ ಚಿನ್ನವನ್ನು ತರಿಸಿ ಕರುವನ್ನು ಎರಕ ಹೊಯ್ಯಿಸುತ್ತಾನೆ. ಅದರ ಮುಂದೆ ನಡೆಸುವ ಹಬ್ಬವನ್ನು ಕರ್ತನ ಹಬ್ಬವೆಂದೇ ಸಾರುತ್ತಾನೆ. ಮೋಶೆ ಬಂದು ಕೇಳಿದಾಗ, ಚಿನ್ನವನ್ನು ಬೆಂಕಿಗೆ ಹಾಕಿದೆ, ಈ ಕರು ತಾನಾಗಿ ಹೊರಬಂತು ಎಂಬಂತೆ ಉತ್ತರ ಕೊಡುತ್ತಾನೆ. ಹಿಂದೆಲ್ಲ ಮಕ್ಕಳು ಆ ಉತ್ತರಕ್ಕೆ ನಗುತ್ತಿದ್ದರು, ನಾನೂ ನಗುತ್ತಿದ್ದೆ. ಅಂದು ನಗು ಬರಲಿಲ್ಲ. ಸೊಸೈಟಿಯ ಕಪಾಟಿನಲ್ಲಿದ್ದ ಬಳೆಗಳು ಕಣ್ಣ ಮುಂದೆ ಬಂದವು. ‘ಕಾಲವೇ ಹಾಗಿದೆ, ಎಲ್ಲರೂ ಮಾಡುತ್ತಾರೆ’ ಎಂದು ನಾನು ಹೇಳುತ್ತಿದ್ದದ್ದು ಆರೋನನ ಉತ್ತರವಲ್ಲದೆ ಮತ್ತೇನು?

ಮರುದಿನ ಮಗನಲ್ಲಿ ಕ್ಷಮೆ ಕೇಳಿದೆ. ತಂದೆಯಾದವನಿಗೆ, ಅದರಲ್ಲೂ ಮೇಷ್ಟ್ರಾದವನಿಗೆ ಅದು ಸುಲಭವಲ್ಲ. ಅವನು ಮುಂದೆ ತನಗಿಷ್ಟವಾದದ್ದನ್ನು ಓದಿದ, ಈಗ ಸ್ವಂತ ದುಡಿಮೆಯಲ್ಲಿ ಊಟ ಮಾಡುತ್ತಿದ್ದಾನೆ. ಇದಕ್ಕಿಂತ ಹೆಚ್ಚು ಹೇಳುವುದಿಲ್ಲ. ಹೇಳಿದರೆ ನೀವೂ ನಾನೂ ಮತ್ತೆ ಅಳೆಯತೊಡಗುತ್ತೇವೆ.

ಶೂನ್ಯ ದೋಷದ ಪರೀಕ್ಷೆ

ನಮ್ಮೊಳಗಿನ ವಿಗ್ರಹವನ್ನು ಗುರುತಿಸುವುದು ಹೇಗೆ? ಕೆಳಗಿನ ಪ್ರಶ್ನೆಗಳನ್ನು ಒಬ್ಬರೇ ಇರುವಾಗ ಪ್ರಾಮಾಣಿಕವಾಗಿ ಕೇಳಿಕೊಂಡರೆ ಸಾಕು.

ಒಂದು: ಯಾವುದು ಕೈತಪ್ಪಿದರೆ ಬದುಕೇ ಮುಗಿಯಿತು ಎನಿಸುತ್ತದೆ? ದುಃಖವಾಗುವುದು ಸಹಜ. ಬದುಕಿಗೆ ಅರ್ಥವೇ ಹೋಯಿತು ಎನಿಸಿದರೆ ಎಚ್ಚರ.

ಎರಡು: ಯಾವುದಕ್ಕಾಗಿ ನಾನು ಸುಳ್ಳು ಹೇಳಲು, ಮಾತು ತಪ್ಪಲು, ಮನೆಯವರನ್ನು ನೋಯಿಸಲು ಸಿದ್ಧನಿದ್ದೇನೆ?

ಮೂರು: ಕೆಲಸವಿಲ್ಲದೆ ಸುಮ್ಮನೆ ಕುಳಿತಾಗ ಮನಸ್ಸು ತಾನಾಗಿ ಎಲ್ಲಿಗೆ ಓಡುತ್ತದೆ?

ನಾಲ್ಕು: ಇತರರನ್ನು, ಮುಖ್ಯವಾಗಿ ನನ್ನ ಮಕ್ಕಳನ್ನು, ನಾನು ಯಾವ ಕೋಲಿನಿಂದ ಅಳೆಯುತ್ತೇನೆ?

ಐದು: ದೇವರಲ್ಲಿ ನಾನು ಬೇಡುವುದು ಆತನನ್ನೋ, ಅಥವಾ ಆತನ ಕೈಯಿಂದ ನನ್ನ ವಿಗ್ರಹವನ್ನೋ? ಆ ವರ್ಷವೂ ನಾನು ದಿನಾ ಪ್ರಾರ್ಥಿಸುತ್ತಿದ್ದೆ. ಏನೆಂದು? 600 ಅಂಕ ಬರಲಿ ಎಂದು!

ತಿರುಗುವುದು ಎತ್ತ?

ಕ್ರಿಸ್ತಶಕ 50ರ ಸುಮಾರಿಗೆ ಪೌಲ ಥೆಸಲೋನಿಕದ ಸಭೆಗೆ ಬರೆದ ಮೊದಲ ಪತ್ರದಲ್ಲಿ ಆ ಜನರು ವಿಗ್ರಹಗಳನ್ನು ಬಿಟ್ಟು ಜೀವವುಳ್ಳ ದೇವರ ಕಡೆಗೆ ತಿರುಗಿದರೆಂದು ನೆನೆಯುತ್ತಾನೆ. ಬಿಡುವುದರಷ್ಟೇ ಮುಖ್ಯ ತಿರುಗುವುದು. ಖಾಲಿ ಬಿಟ್ಟ ಜಾಗದಲ್ಲಿ ಇನ್ನೊಂದು ವಿಗ್ರಹ ಬಂದು ಕೂರುತ್ತದೆ. ಅಂಕದ ಹುಚ್ಚು ಬಿಟ್ಟವನಿಗೆ ಹಣದ ಹುಚ್ಚು ಹಿಡಿಯಬಹುದು. ಫೋನ್ ಬಿಟ್ಟವನಿಗೆ ‘ನಾನು ಫೋನ್ ಬಿಟ್ಟವನು’ ಎಂಬ ಹೆಮ್ಮೆಯೇ ವಿಗ್ರಹವಾಗಬಹುದು.

ಲೂಕನ ಸುವಾರ್ತೆಯ 19ನೆಯ ಅಧ್ಯಾಯದ ಜಕ್ಕಾಯನನ್ನು ನೋಡಿ. ಸುಂಕದವರ ಮುಖ್ಯಸ್ಥನಾದ ಅವನಿಗೆ ಹಣ ಬಿಡು ಎಂದು ಯೇಸು ಉಪದೇಶ ಮಾಡಿದ್ದು ಅಲ್ಲಿ ಎಲ್ಲೂ ಇಲ್ಲ. ಮರ ಹತ್ತಿ ಕುಳಿತವನನ್ನು ಹೆಸರು ಹಿಡಿದು ಕರೆದು, ಅವನ ಮನೆಗೆ ಹೋದನಷ್ಟೆ. ಆಗ ಅವನು ತಾನಾಗಿ ಎದ್ದು ನಿಂತು ಆಸ್ತಿಯಲ್ಲಿ ಅರ್ಧವನ್ನು ಬಡವರಿಗೆ ಕೊಡುತ್ತೇನೆ, ಮೋಸದಿಂದ ಪಡೆದದ್ದಕ್ಕೆ ನಾಲ್ಕರಷ್ಟು ಹಿಂದಿರುಗಿಸುತ್ತೇನೆ ಎಂದ. ತನ್ನನ್ನು ಪ್ರೀತಿಸುವವನೊಬ್ಬ ಸಿಕ್ಕಿದ ಮೇಲೆ ಹಣದ ಹಿಡಿತ ತಾನಾಗಿ ಸಡಿಲಿತು. ಕ್ರೈಸ್ತ ವಿಶ್ವಾಸ ಬಲಗೊಳ್ಳುವುದು ಹೀಗೆ. ನನ್ನ ಬೆಲೆಯನ್ನು ನಾನು ಗಳಿಸಬೇಕಾಗಿಲ್ಲ, ಅದನ್ನು ಕ್ರಿಸ್ತನು ಶಿಲುಬೆಯಲ್ಲಿ ಆಗಲೇ ತೆತ್ತಿದ್ದಾನೆ ಎಂದು ನಂಬಿದವನಿಗೆ 311 ಒಂದು ಸಂಖ್ಯೆ ಮಾತ್ರ. ಯೇಸು ತನ್ನ ಶಿಲುಬೆಯ ಗುಟ್ಟನ್ನು ನಿಕೊದೇಮನಿಗೆ ತಿಳಿಸುವಾಗ ಅದೇ ತಾಮ್ರದ ಸರ್ಪದ ಉದಾಹರಣೆ ಕೊಟ್ಟದ್ದನ್ನು ಯೋಹಾನನ ಸುವಾರ್ತೆ ದಾಖಲಿಸಿದೆ. ಸರ್ಪ ಒಡೆದುಹೋಯಿತು, ಅದು ಯಾರನ್ನು ತೋರಿಸುತ್ತಿತ್ತೋ ಆತ ಉಳಿದ.

ನಮ್ಮ ಮನೆಯಲ್ಲಿ ನಾವು ಮಾಡಿಕೊಂಡ ಏರ್ಪಾಡುಗಳು ಚಿಕ್ಕವು. ಸಂಜೆಯ ಪ್ರಾರ್ಥನೆ ಮತ್ತೆ ಶುರುವಾಯಿತು, ಹತ್ತು ನಿಮಿಷ, ಪರೀಕ್ಷೆಯಿದ್ದರೂ ಸರಿ. ಆ ಹೊತ್ತಿಗೆ ಎಲ್ಲರ ಫೋನುಗಳು ಅಡಿಗೆಮನೆಯ ಅಕ್ಕಿ ಡಬ್ಬಿಯ ಮೇಲೆ. ಮೊದಲು ಇಡಬೇಕಾದವನು ನಾನು. ಭಾನುವಾರದ ಬೆಳಗನ್ನು ಯಾವ ತರಗತಿಗೂ ಕೊಡುವುದಿಲ್ಲ. ಕರ್ತನ ರಾತ್ರಿಭೋಜನದ ದಿನ ನಾವು ಸಾಲಾಗಿ ನಿಂತಾಗ ಡಾಕ್ಟರೂ ಕೂಲಿಯವನೂ ಫೇಲಾದ ಹುಡುಗನೂ ಒಂದೇ ರೊಟ್ಟಿಗೆ ಕೈ ಚಾಚುತ್ತಾರೆ, ಅಲ್ಲಿ ಯಾರೂ ರ‍್ಯಾಂಕ್ ಕೇಳುವುದಿಲ್ಲ. ವಾರವೆಲ್ಲ ಅಳೆಸಿಕೊಂಡು ದಣಿದ ಮಕ್ಕಳಿಗೆ ಅಂಥ ಒಂದು ಜಾಗ ಬೇಕೇ ಬೇಕು. ತಿಂಗಳ ಸಂಬಳದಲ್ಲಿ ಒಂದು ಪಾಲನ್ನು ಮೊದಲೇ ತೆಗೆದು ಬಡ ಮಗುವೊಂದರ ಶುಲ್ಕಕ್ಕೆ ಕೊಡುತ್ತೇವೆ. ಹಣಕ್ಕೆ ತನ್ನ ಸ್ಥಾನ ತೋರಿಸಲು ಕೊಡುವುದಕ್ಕಿಂತ ಒಳ್ಳೆಯ ಉಪಾಯ ನನಗೆ ಗೊತ್ತಿಲ್ಲ.

ವಿದ್ಯಾರ್ಥಿಗಳೇ, ಇದನ್ನು ಓದದಿರಲು ನೆಪ ಮಾಡಿಕೊಳ್ಳಬೇಡಿ! ಚೆನ್ನಾಗಿ ಓದಿ. ಫ್ಯಾರಡೆ ಗೌರವ ಬಿಟ್ಟನೇ ಹೊರತು ಪ್ರಯೋಗ ಬಿಡಲಿಲ್ಲ. ವಿಗ್ರಹವಲ್ಲದ ವಿದ್ಯೆಯನ್ನು ಭಯವಿಲ್ಲದೆ ಕಲಿಯಬಹುದು, ತಪ್ಪಿದರೆ ಎದ್ದು ಮತ್ತೆ ಕಲಿಯಬಹುದು. ಮನಸ್ಸು ತೀರಾ ಕುಗ್ಗಿದರೆ ಒಬ್ಬರೇ ಹೊರಬೇಡಿ. ತಂದೆತಾಯಿಗೋ ಅಧ್ಯಾಪಕರಿಗೋ ಸಭಾಪಾಲಕರಿಗೋ ಬಾಯಿಬಿಟ್ಟು ಹೇಳಿ. ಸರ್ಕಾರವೇ 2022ರಲ್ಲಿ ಆರಂಭಿಸಿದ ಟೆಲಿ-ಮಾನಸ್ ಸಹಾಯವಾಣಿಗೆ 14416 ಸಂಖ್ಯೆಯಲ್ಲಿ ಉಚಿತವಾಗಿ ಕರೆ ಮಾಡಬಹುದು. ಸಹಾಯ ಕೇಳುವುದು ವಿಶ್ವಾಸದ ಕೊರತೆಯಲ್ಲ.

ತಂದೆತಾಯಿಯರೇ, ಫಲಿತಾಂಶದ ದಿನ ಬರುವ ಮೊದಲೇ, ಅಂದರೆ ಇಂದೇ, ಮಗುವಿಗೆ ಒಂದು ಮಾತು ಹೇಳಿ: ಎಷ್ಟೇ ಬಂದರೂ ನೀನು ನಮ್ಮ ಮಗು. ಅಂಕ ಬಂದ ಮೇಲೆ ಹೇಳಿದರೆ ಅದು ಸಮಾಧಾನದ ಮಾತಾಗುತ್ತದೆ. ಮೊದಲೇ ಹೇಳಿದರೆ ಸತ್ಯವಾಗುತ್ತದೆ.

ಅಡವಿಟ್ಟ ಬಳೆಗಳನ್ನು ಬಿಡಿಸಲು ನನಗೆ ಎರಡು ವರ್ಷ ಹಿಡಿಯಿತು. ಅಮ್ಮ ಈಗಿಲ್ಲ. ಅವರ ಸಂಗೀತ ಪುಸ್ತಕ ಸಂಜೆ ಏಳು ಗಂಟೆಗೆ ಚಾವಡಿಯಲ್ಲಿ ತೆರೆದುಕೊಳ್ಳುತ್ತದೆ. ಕೆಲವು ಸಂಜೆ ನನಗೆ ಉತ್ತರಪತ್ರಿಕೆಗಳ ಕಟ್ಟು ಮುಗಿಸುವ ಅವಸರವಿರುತ್ತದೆ, ಕೂರಲು ಮನಸ್ಸೇ ಆಗುವುದಿಲ್ಲ. ಆಗ ಕೂರಲೇಬೇಕೆಂದು ಗೊತ್ತಾಗಿದೆ. ಶೂನ್ಯ ದೋಷವನ್ನು ಒಮ್ಮೆ ನೋಡಿ ಬಿಟ್ಟರೆ ಸಾಲದು. ಅಳೆಯುವ ಮುನ್ನ ಪ್ರತಿ ಸಲವೂ ನೋಡಬೇಕು ಎಂದು ನಾನೇ ಮಕ್ಕಳಿಗೆ ಕಲಿಸಿದ್ದೇನಲ್ಲ.